ಘಟ್ಟದ ಮೇಲಿನವರು ಕಡಲಿಗೆ ಇಳಿಯುವ ಮುನ್ನ: ಸ್ನಾರ್ಕೆಲ್, ಸ್ಕೂಬಾಗೆ ತಯಾರಿ

ಚಾರ್ಮಾಡಿ ಹತ್ತುವಾಗ ಒಂದು ಚಿಪ್ಸ್ ಪ್ಯಾಕೆಟ್ಟನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನೋಡಿ. ಉಜಿರೆಯಲ್ಲಿ ಕೊಂಡಾಗ ಮೆತ್ತಗಿದ್ದದ್ದು ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ದಿಂಬಿನ ಹಾಗೆ ಉಬ್ಬಿರುತ್ತದೆ. ಇಳಿಯುವಾಗ ಇದರ ಉಲ್ಟಾ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು, ಖಾಲಿ ನೀರಿನ ಬಾಟಲಿಗೆ ಮುಚ್ಚಳ ಬಿಗಿದು ಸೀಟಿನ ಮೇಲೆ ಎಸೆದಿದ್ದರೆ ಉಜಿರೆಗೆ ಬರುವಾಗ ಅದು ಯಾರೋ ಹಿಂಡಿದ ಹಾಗೆ ಒಳಕ್ಕೆ ಸೊಟ್ಟಗಾಗಿರುತ್ತದೆ. ನಡುವೆ ಎರಡು ಮೂರು ಸಲ ಕಿವಿ ಕಟ್ಟಿ, ಉಗುಳು ನುಂಗಿದಾಗ ‘ಪಟ್’ ಎಂದು ಬಿಟ್ಟಿರುತ್ತದೆ.

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವವರು ಮೊದಲ ಅರ್ಧ ಗಂಟೆ ಹೇಳುವ ಪಾಠ ಇಷ್ಟೇ. ಚಿಕ್ಕಮಗಳೂರು, ಹಾಸನದ ನಮಗೆ ಅದು ಹುಟ್ಟಿನಿಂದ ಗೊತ್ತು. ಗೊತ್ತಿಲ್ಲದ್ದು ಅದರ ಪ್ರಮಾಣ. ಘಟ್ಟದ ಮೇಲಿನಿಂದ ಕರಾವಳಿಗೆ ಇಳಿದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಏರುತ್ತದೆ. ಸಮುದ್ರದಲ್ಲಿ ಅಷ್ಟೇ ಒತ್ತಡ ಏರಲು ಒಂದು ಮೀಟರ್ ಮುಳುಗಿದರೆ ಸಾಕು. ಚಾರ್ಮಾಡಿಯ ಅಷ್ಟೂ ತಿರುವುಗಳನ್ನು ಒಂದೇ ಉಸಿರಿನಲ್ಲಿ ಇಳಿದಂತೆ. ಮೊದಲ ಸಲ ಸ್ಕೂಬಾ ಮಾಡುವವರನ್ನು ಹೆಚ್ಚೆಂದರೆ 12 ಮೀಟರ್‌ಗೆ ಕರೆದೊಯ್ಯುತ್ತಾರೆ. ಹನ್ನೆರಡು ಚಾರ್ಮಾಡಿ!

ಇನ್ನೊಂದು ವಿಷಯವಿದೆ, ಅದು ಘಟ್ಟದ ಮೇಲಿನವರಿಗೇ ಸೇರಿದ್ದು. ಬೆಂಗಳೂರಿನಿಂದ ಗೋವಾಕ್ಕೆ ವಿಮಾನದಲ್ಲಿ ಹೋಗುವವರಿಗೆ ‘ಡೈವ್ ಆದಮೇಲೆ ಇಷ್ಟು ಗಂಟೆ ವಿಮಾನ ಹತ್ತಬೇಡಿ’ ಎಂದು ಹೇಳಲು ಜನ ಇದ್ದಾರೆ. ಕಾರಿನಲ್ಲಿ ಬಂದ ನಮಗೆ ‘ಘಟ್ಟ ಹತ್ತಬೇಡಿ’ ಎಂದು ಹೇಳುವವರು ಕಡಿಮೆ. ಅದಕ್ಕೇ ತಯಾರಿಯನ್ನು ವಾಪಸ್ ಪ್ರಯಾಣದಿಂದ ಶುರು ಮಾಡುವುದು ಒಳ್ಳೆಯದು.

ಮೊದಲು ದಿನ ಗೊತ್ತುಮಾಡಿ

ನಮಗೆ ಹತ್ತಿರದ ಜಾಗ ಮುರುಡೇಶ್ವರ. ಅಲ್ಲಿಂದ ಬೋಟಿನಲ್ಲಿ ಹೊರಟರೆ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಕಡಲು ಒರಟು, ನೀರು ಕದಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾತೇ ಬೇಡ. ಅಕ್ಟೋಬರ್ ಕೊನೆಯಿಂದ ಮೇ ತನಕ ಕಾಲ. ಇದರಲ್ಲಿ ಅರ್ಧ ಕಾಫಿ ಕೊಯ್ಲಿನ ಕಾಲವೂ ಹೌದು. ತೋಟದವರು ಆಳು ಸಿಕ್ಕ ವಾರ ಬಿಟ್ಟು ಹೋಗಲಾರರು. ಕೊಯ್ಲು ಮುಗಿದು, ಹೂಮಳೆ ಕಾಯುವ ಆ ಬಿಡುವಿನಲ್ಲಿ ಹೋಗಿಬನ್ನಿ.

ನಮ್ಮವರು ಸಾಮಾನ್ಯವಾಗಿ ಮಾಡುವುದು ಹೀಗೆ: ಶನಿವಾರ ರಾತ್ರಿ ಊಟ ಮುಗಿಸಿ ಹೊರಡುವುದು, ರಾತ್ರಿಯಿಡೀ ಓಡಿಸಿ ಬೆಳಗ್ಗೆ ಮುರುಡೇಶ್ವರ ಮುಟ್ಟುವುದು, ನಿದ್ದೆಗಣ್ಣಿನಲ್ಲೇ ಬೋಟ್ ಹತ್ತುವುದು, ಮಧ್ಯಾಹ್ನ ಮೀನೂಟ ಮಾಡಿ ರಾತ್ರಿಯೊಳಗೆ ಮನೆ ಸೇರುವುದು. ಸೋಮವಾರ ಆಫೀಸು. ಇದಕ್ಕಿಂತ ಕೆಟ್ಟ ವೇಳಾಪಟ್ಟಿಯನ್ನು ಬೇಕೆಂದೇ ಕೂತು ಬರೆದರೂ ಬರೆಯಲಾಗದು.

ಕಾರಣ ಹೇಳುತ್ತೇನೆ. ಸ್ಕೂಬಾ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ ಒತ್ತಿ ತುಂಬಿರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಷ್ಟೂ ಸಾರಜನಕ ರಕ್ತ, ಮಾಂಸ, ಕೊಬ್ಬಿನಲ್ಲಿ ಕರಗುತ್ತಾ ಹೋಗುತ್ತದೆ. ನಿಧಾನ ಮೇಲೆ ಬಂದರೆ ಬಂದ ದಾರಿಯಲ್ಲೇ, ಉಸಿರಿನ ಮೂಲಕ ಹೊರಟುಹೋಗುತ್ತದೆ. ಆದರೆ ದಡಕ್ಕೆ ಬಂದ ಕೂಡಲೇ ಪೂರ್ತಿ ಖಾಲಿಯಾಗುವುದಿಲ್ಲ, ಗಂಟೆಗಟ್ಟಲೆ ಬೇಕು. ಆ ಹೊತ್ತಿನಲ್ಲಿ ಒತ್ತಡ ಇನ್ನಷ್ಟು ಇಳಿಯುವ ಎತ್ತರಕ್ಕೆ ಹೋದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಒಳಗಿನ ಅನಿಲ ಗುಳ್ಳೆಯಾಗಿ ಎದ್ದೀತು. ಗುಳ್ಳೆ ಕೀಲಿನಲ್ಲಿ ಕೂತರೆ ನೋವು, ನರದಲ್ಲಿ ಕೂತರೆ ಜೋಮು, ಬಲಹೀನತೆ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸುರಕ್ಷತಾ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆ ಲೆಕ್ಕ ಶುರುವಾಗುವುದು 2,000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದ. ಹಾಸನ ಸುಮಾರು 950 ಮೀಟರ್, ಚಿಕ್ಕಮಗಳೂರು ಸಾವಿರ ದಾಟಿದೆ, ಮುಳ್ಳಯ್ಯನಗಿರಿ ಸುಮಾರು 1,930. ನಮ್ಮ ಮನೆಯಂಗಳವೇ ವಿಮಾನದ ಲೆಕ್ಕಕ್ಕೆ ಸೇರುತ್ತದೆ ಎಂದಾಯಿತು. ಹತ್ತು ಹನ್ನೆರಡು ಮೀಟರಿನಲ್ಲಿ ಅರ್ಧ ಗಂಟೆ ಇದ್ದು ಬಂದವರಿಗೆ ಅಪಾಯ ಚಿಕ್ಕದೇ, ಒಪ್ಪುತ್ತೇನೆ. ಅದೇ ದಿನ ಘಟ್ಟ ಹತ್ತಿ ಏನೂ ಆಗದೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಉಳಿಸಲು ಯಾಕೆ ಅದನ್ನು ಪರೀಕ್ಷಿಸಬೇಕು ಮಾರಾಯ್ರೆ?

ಹಾಗಾಗಿ ಶುಕ್ರವಾರ ಹಗಲಿನಲ್ಲೇ ಇಳಿಯಿರಿ, ರಾತ್ರಿ ಕೆಳಗೆ ಮಲಗಿ. ಶನಿವಾರ ಬೆಳಗ್ಗೆ ಡೈವ್. ಶನಿವಾರ ರಾತ್ರಿಯೂ ಕೆಳಗೇ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಹೊರಡಿ. ಮಧ್ಯಾಹ್ನಕ್ಕೆ ಮೊದಲು ನೀರಿನಿಂದ ಎದ್ದಿದ್ದರೆ ಘಟ್ಟದ ಬುಡ ಸೇರುವಾಗ 20 ಗಂಟೆ ದಾಟಿರುತ್ತದೆ. ಒಂದು ಡೈವ್ ಆದರೂ ಸರಿ, ಎರಡಾದರೂ ಸರಿ. ನಡುವಿನ ಹೊತ್ತು ಕಳೆಯಲು ಮುರುಡೇಶ್ವರದ 123 ಅಡಿ ಶಿವ ಇದ್ದಾನೆ, ಇಡಗುಂಜಿ ಇದೆ, ಕೊಲ್ಲೂರು ಇದೆ. ಕೊಲ್ಲೂರಿಗೆ ಹೋದವರು ‘ಹೇಗೂ ಬಂದಿದ್ದೇವೆ’ ಎಂದು ಜೀಪು ಹತ್ತಿ ಕೊಡಚಾದ್ರಿಗೆ ಹೋಗಬೇಡಿ. ಅದು 1,343 ಮೀಟರ್.

ಸ್ನಾರ್ಕೆಲ್ ಮಾತ್ರ, ಅಂದರೆ ಬಾಯಲ್ಲಿ ನಳಿಗೆ ಕಚ್ಚಿ ನೀರಿನ ಮೇಲೇ ತೇಲುತ್ತಾ ನೋಡುವುದನ್ನು ಮಾತ್ರ ಮಾಡುವವರಿಗೆ ಈ ಕಾಯುವ ಲೆಕ್ಕ ಇಲ್ಲ. ಅವರು ಒತ್ತಿದ ಗಾಳಿ ಉಸಿರಾಡುವುದಿಲ್ಲ.

ತಿಂಗಳು ಮೊದಲು: ದೇಹ

ಬೋಟ್ ಹತ್ತುವಾಗ ಒಂದು ವೈದ್ಯಕೀಯ ಫಾರ್ಮ್ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಅಥವಾ ಶ್ವಾಸಕೋಶದ ಆಪರೇಷನ್, ಬಿಪಿ, ಸಕ್ಕರೆ, ಗರ್ಭ... ಸಾಲು ಸಾಲು ಪ್ರಶ್ನೆ. ನನ್ನ ಮೊದಲ ಸಲ ಅದನ್ನು ಓಡುವ ಬೋಟಿನಲ್ಲಿ, ತೊಡೆಯ ಮೇಲಿಟ್ಟು ತುಂಬಿಸಿಕೊಂಡರು. ‘ಎಲ್ಲಾ ನೋ ಹಾಕಿ ಸಾರ್’ ಎಂದವರೇ ಪೆನ್ನೂ ಕೊಟ್ಟರು. ನಾನೂ ಹಾಕಿದೆ. ದುಡ್ಡು ಕಟ್ಟಿ ಆಗಿತ್ತು, ದ್ವೀಪ ಕಣ್ಣಿಗೆ ಕಾಣುತ್ತಿತ್ತು, ಯಾರು ತಾನೇ ‘ಹೌದು’ ಎನ್ನುತ್ತಾರೆ?

ಆ ಫಾರ್ಮನ್ನು ಬುಕ್ ಮಾಡುವಾಗಲೇ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಒಂದು ಉತ್ತರ ‘ಹೌದು’ ಆದರೂ ಊರಿನ ಡಾಕ್ಟರಿಗೆ ತೋರಿಸಿ, ಅವರ ಸಹಿ ಇಲ್ಲದೆ ನೀರಿಗೆ ಇಳಿಯಬೇಡಿ. ಗರ್ಭಿಣಿಯರಿಗೆ ಸ್ಕೂಬಾ ಬೇಡವೇ ಬೇಡ. ನಲವತ್ತೈದು ದಾಟಿ, ಬಿಪಿ ಮಾತ್ರೆ ನುಂಗುತ್ತಾ, ಸಿಗರೇಟೂ ಬಿಡದವರು ಸ್ನಾರ್ಕೆಲ್‌ಗೂ ಮೊದಲು ಹೃದಯ ತೋರಿಸಿಕೊಳ್ಳುವುದು ಮೇಲು. ಹುಳುಕು ಹಲ್ಲನ್ನು ಮರೆಯಬೇಡಿ. ಫಿಲ್ಲಿಂಗ್ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಡ ಬದಲಾದಾಗ ಕೊಡುವ ನೋವು ಅನುಭವಿಸಿದವರಿಗೇ ಗೊತ್ತು.

ಈಜು ಬರಬೇಕೆ ಎಂಬುದು ಎಲ್ಲರ ಪ್ರಶ್ನೆ. ಇನ್‌ಸ್ಟ್ರಕ್ಟರ್ ಕೈ ಹಿಡಿದು ಕರೆದೊಯ್ಯುವ ಒಂದು ದಿನದ ಡೈವ್‌ಗೆ ಈಜು ಬಾರದವರನ್ನೂ ಸೇರಿಸಿಕೊಳ್ಳುವುದುಂಟು. ಸರ್ಟಿಫಿಕೇಟ್ ಕೋರ್ಸಿಗೆ ಹಾಗಲ್ಲ. ಪ್ಯಾಡಿ (PADI) ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಓಪನ್ ವಾಟರ್ ಕೋರ್ಸಿನಲ್ಲಿ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕೋರ್ಸ್ ಮಾಡಲಿ ಬಿಡಲಿ ಹತ್ತು ನಿಮಿಷ ಕೈಕಾಲು ಬಡಿಯದೆ ತೇಲಲು ಕಲಿತೇ ಹೋಗಿ. ನೀರಿನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಗಾಬರಿ.

ಅಭ್ಯಾಸಕ್ಕೆ ಈಜುಕೊಳವೇ ಸರಿ. ತೋಟದ ಕೆರೆ ಬೇಡ: ಹೂಳು, ಬೇರು, ತಣ್ಣೀರು, ಕೈಯಳತೆಯಲ್ಲೂ ಏನೂ ಕಾಣದು. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಅರ್ಧ ಮುಳುಗಿ ನಿಂತಾಗ ‘ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ನೋಡೋಣ’ ಎನ್ನುವ ಹುಡುಗರೂ ಇದ್ದಾರೆ. ಹಳೆ ಗೋಡೆ, ಕೆಸರು, ಮೇಲೆ ಬರಲು ದಾರಿ ಕಾಣದ ಜಾಗ. ಅದನ್ನು ದಡದಿಂದ ನೋಡಿ.

ವಾರ ಮೊದಲು: ಮಾಸ್ಕು, ನಳಿಗೆ, ಉಸಿರು

ಸಾಧ್ಯವಾದರೆ ಮಾಸ್ಕ್ ಮತ್ತು ಸ್ನಾರ್ಕೆಲ್ ಸ್ವಂತದ್ದು ಕೊಳ್ಳಿ. ಉಳಿದದ್ದು ಬಾಡಿಗೆಗೆ ಸಾಕು. ಮಾಸ್ಕ್ ಸರಿಹೊಂದುತ್ತದೆಯೇ ಎಂದು ನೋಡಲು ಪಟ್ಟಿ ತಲೆಗೆ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸಣ್ಣಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ಮುಖಕ್ಕೆ ಅಂಟಿ ನಿಂತರೆ ಅದು ನಿಮ್ಮದು. ಗಡದ್ದು ಮೀಸೆಯವರಿಗೆ ನೀರು ಒಸರುತ್ತದೆ. ಮೂಗಿನ ಕೆಳಗಿನ ಒಂದು ಗೆರೆಯಷ್ಟು ಜಾಗ ಬೋಳಿಸಿದರೆ ನಿಲ್ಲುತ್ತದೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಜಿಡ್ಡು ಇರುತ್ತದೆ, ಒಳಭಾಗವನ್ನು ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಪ್ರತಿ ಸಲ ಮಂಜು ಕಟ್ಟದಂತೆ ಉಗುಳು ಸವರಿ ಜಾಲಿಸಿದರೆ ಆಯಿತು. ಅಸಹ್ಯ ಎನ್ನಿಸಿದರೆ ಬೇಬಿ ಶಾಂಪೂ.

ಈಜುಕೊಳದ ಗಾಗಲ್ಸ್ ಹಾಕಿಕೊಂಡು ಆಳಕ್ಕೆ ಹೋಗಬೇಡಿ. ಮಾಸ್ಕ್ ಮೂಗನ್ನೂ ಮುಚ್ಚುವುದು ಸುಮ್ಮನೆ ಅಲ್ಲ. ಇಳಿಯುತ್ತಾ ಹೋದಂತೆ ಅದರೊಳಗಿನ ಗಾಳಿ ಕುಗ್ಗಿ ಕಣ್ಣನ್ನು ಹೊರಕ್ಕೆ ಎಳೆಯುತ್ತದೆ, ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಸರಿದೂಗಿಸಬೇಕು. ಗಾಗಲ್ಸಿನಲ್ಲಿ ಅದಕ್ಕೆ ದಾರಿಯಿಲ್ಲ.

ಕೊಳದ ಗಿಡ್ಡ ಭಾಗದಲ್ಲಿ ನಿಂತು ಮೂರು ಅಭ್ಯಾಸ ಮಾಡಿ. ಮೊದಲನೆಯದು, ಮುಖ ನೀರಲ್ಲಿಟ್ಟು ಬಾಯಿಯಿಂದಲೇ ನಿಧಾನ, ದೀರ್ಘವಾಗಿ ಉಸಿರಾಡುವುದು. ಕೇಳಲು ಸುಲಭ, ಆದರೆ ಮೂಗು ಹತ್ತು ಸಲ ಮೋಸ ಮಾಡುತ್ತದೆ. ಎರಡನೆಯದು, ನಳಿಗೆಯಲ್ಲಿ ನೀರು ತುಂಬಿದಾಗ ಒಲೆ ಊದಿದಂತೆ ಒಂದೇ ಬಿರುಸಿನಲ್ಲಿ ಊದಿ ಹೊರಹಾಕುವುದು. ಆಮೇಲಿನ ಮೊದಲ ಉಸಿರು ಮೆಲ್ಲಗೆ, ಹನಿ ಉಳಿದಿರಬಹುದು. ಮೂರನೆಯದು, ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೇಲಿನ ಅಂಚನ್ನು ಹಣೆಗೆ ಒತ್ತಿ, ಮುಖ ಮೇಲೆತ್ತಿ, ಮೂಗಿನಿಂದ ಊದುವುದು. ನೀರು ಕೆಳಗಿನಿಂದ ಹೊರಟುಹೋಗುತ್ತದೆ. ಈ ಮೂರನೆಯದು ಅಭ್ಯಾಸವಾದವರು ಸಮುದ್ರದಲ್ಲಿ ಅರ್ಧ ಗೆದ್ದಂತೆ.

ಮಾಡಬಾರದ್ದು ಒಂದು. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮುಳುಗಿ ‘ಯಾರು ಜಾಸ್ತಿ ಎಣಿಸ್ತಾರೆ’ ಎಂದು ಆಡುತ್ತಿದ್ದೆವಲ್ಲ, ಮುಳುಗುವ ಮೊದಲು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುತ್ತಿದ್ದೆವು. ಅದರಿಂದ ರಕ್ತದಲ್ಲಿ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ‘ಉಸಿರು ಬೇಕು’ ಎಂದು ಒದ್ದಾಡಿಸುವುದು ಅದೇ. ಎಚ್ಚರಿಕೆಯ ಗಂಟೆಯನ್ನು ಬಿಚ್ಚಿಟ್ಟು ಹೋದ ಹಾಗೆ: ಒದ್ದಾಟವೇ ಇಲ್ಲದೆ ಎಚ್ಚರ ತಪ್ಪುತ್ತದೆ, ಸದ್ದಿಲ್ಲದೆ. ಚೆನ್ನಾಗಿ ಈಜು ಬರುವ ಹುಡುಗರೇ ಹೀಗೆ ಸಾಯುವುದು. ಸ್ನಾರ್ಕೆಲ್ ಮಾಡುವಾಗ ಮುಳುಗಿ ನೋಡುವ ಆಸೆಯಿದ್ದರೆ ಸಾಮಾನ್ಯ ಉಸಿರು ಎರಡು ಮೂರು, ಒಂದು ಮುಳುಗು, ಮೇಲೆ ಬಂದು ಪೂರ್ತಿ ವಿಶ್ರಾಂತಿ. ಆ ಹೊತ್ತಿನಲ್ಲಿ ಒಬ್ಬರ ಕಣ್ಣು ನಿಮ್ಮ ಮೇಲೇ ಇರಬೇಕು.

ನೆಗಡಿ ಇದ್ದರೆ ಇಲ್ಲ ಎಂದರೆ ಇಲ್ಲ

ನನ್ನ ಎರಡನೇ ಡೈವ್ ಡಿಸೆಂಬರಿನಲ್ಲಿ. ಕಣದ ಧೂಳಿಗೆ ಮೂಗು ಕಟ್ಟಿತ್ತು. ಬುಕ್ ಮಾಡಿ ಆಗಿದೆಯಲ್ಲ ಎಂದು ಮೆಡಿಕಲ್ ಶಾಪಿನಿಂದ ಒಂದು ನೆಗಡಿ ಮಾತ್ರೆ ನುಂಗಿ ಇಳಿದೆ. ಎರಡು ಮೀಟರಿನಲ್ಲಿ ಕಿವಿ ಕಟ್ಟಿತು. ಮೂಗು ಹಿಡಿದು ಊದಿದೆ, ಬಿಡಲಿಲ್ಲ. ಇನ್‌ಸ್ಟ್ರಕ್ಟರ್ ಕಡೆ ‘ಸರಿ’ ಎಂದು ಕೈ ತೋರಿಸಿ ಇನ್ನೂ ಇಳಿದೆ, ಜೋರಾಗಿ ಊದಿದೆ. ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು, ಆಮೇಲೆ ಬೆಚ್ಚಗೆ. ಮೇಲೆ ಬಂದು ಮಾಸ್ಕ್ ತೆಗೆದಾಗ ಗಾಜಿನ ಒಳಗೆ ಗುಲಾಬಿ ಬಣ್ಣದ ಸಿಂಬಳ. ಎರಡು ವಾರ ಎಡಗಿವಿಯಲ್ಲಿ ನೀರು ತುಂಬಿದ ಹಾಗೆ ಗುಂಯ್ ಎನ್ನುತ್ತಿತ್ತು; ಹೆಂಡತಿ ಕರೆದರೆ ಎಲ್ಲಿಂದಲೋ ಕರೆದಂತೆ. ತಪ್ಪು ಪೂರ್ತಿ ನನ್ನದೇ.

ಕಿವಿಯ ಕ್ರಮ ಹೀಗೆ. ಮೂಗನ್ನು ಮಾಸ್ಕಿನ ಮೇಲಿನಿಂದಲೇ ಚಿವುಟಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಮೊದಲ ಸಲ ನೀರಿನ ಮೇಲಿರುವಾಗಲೇ. ಆಮೇಲೆ ಪ್ರತಿ ಅರ್ಧ ಮೀಟರಿಗೊಮ್ಮೆ. ನೋವು ಬಂದಮೇಲೆ ಊದಿದರೆ ತಡವಾಯಿತು, ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಅಷ್ಟರಲ್ಲಿ ಮುಚ್ಚಿಕೊಂಡಿರುತ್ತದೆ. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಮೂರು ಸಲ ಆದರೂ ಬಿಡದಿದ್ದರೆ ಅವತ್ತಿನ ಡೈವ್ ಮುಗಿಯಿತು. ನೆಗಡಿ ಮಾತ್ರೆಯ ಇನ್ನೊಂದು ಮೋಸವೆಂದರೆ ನೀವು ಆಳದಲ್ಲಿರುವಾಗಲೇ ಅದರ ಪ್ರಭಾವ ಇಳಿದುಹೋಗಬಹುದು. ಆಗ ಒಳಗೆ ಸಿಕ್ಕ ಗಾಳಿ ಮೇಲೆ ಬರುವಾಗ ಉಬ್ಬುತ್ತದೆ, ಆ ಚಿಪ್ಸ್ ಪ್ಯಾಕೆಟ್ಟಿನ ಹಾಗೆ. ಮನೆಯಿಂದ ಹೊರಟಾಗ ಘಟ್ಟ ಇಳಿಯುತ್ತಾ ನಿಮ್ಮ ಕಿವಿಯನ್ನು ಗಮನಿಸಿ. ಉಗುಳು ನುಂಗಿದರೆ ಸಲೀಸಾಗಿ ಬಿಡುತ್ತಿದ್ದರೆ ಒಳ್ಳೆಯ ಲಕ್ಷಣ. ಧರ್ಮಸ್ಥಳದ ಕ್ರಾಸಿಗೆ ಬಂದರೂ ಒಂದು ಕಿವಿ ಕಟ್ಟಿಯೇ ಇದ್ದರೆ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ.

ಬೆಳಗ್ಗೆ, ಬೋಟಿನಲ್ಲಿ

ಹಿಂದಿನ ರಾತ್ರಿ ಕುಡಿಯಬೇಡಿ. ಗುಂಪಿನಲ್ಲಿ ಹೋದವರಿಗೆ ಕಷ್ಟದ ಮಾತು, ಗೊತ್ತು. ಬೆಳಗ್ಗೆ ಎರಡು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ, ಒಂದು ಲೋಟ ಕಾಫಿ, ಬೇಕಾದಷ್ಟು ನೀರು. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಕಡಲ ವಾಂತಿಯ ಮಾತ್ರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಮನೆಯಲ್ಲಿ ಇನ್ನೊಂದು ದಿನ ನುಂಗಿ ನೋಡಿ. ಕೆಲವು ಮಾತ್ರೆ ನಿದ್ದೆ ತರುತ್ತವೆ, ತೂಕಡಿಸುತ್ತಾ ಡೈವ್ ಮಾಡಲಾಗದು. ಬೋಟಿನ ನಡುಭಾಗದಲ್ಲಿ ಕೂತು ಕಣ್ಣನ್ನು ದಿಗಂತದ ಮೇಲಿಡಿ, ಮೊಬೈಲ್ ಒಳಗಿಡಿ. ಎಲೆಅಡಿಕೆ ಹಾಕುವವರು ಬಾಯಿ ಪೂರ್ತಿ ತೊಳೆಯಿರಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ಅಡಿಕೆ ಚೂರು ಗಂಟಲಿಗೆ ಎಳೆದುಕೊಂಡರೆ ನಗುವ ವಿಷಯವಲ್ಲ.

ಬೋಟ್ ಹೊರಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ಇನ್‌ಸ್ಟ್ರಕ್ಟರ್ ಕಾರ್ಡ್ ಇದೆಯೇ, ಹೊಸಬ ಒಬ್ಬನಿಗೆ ಒಬ್ಬರು ಇರುತ್ತಾರೆಯೇ, ಬೋಟಿನಲ್ಲಿ ಆಮ್ಲಜನಕದ ಕಿಟ್ ಇದೆಯೇ, ನಾವು ನೀರಿನಡಿ ಇರುವಾಗ ಬೋಟಿನಲ್ಲಿ ಯಾರು ಇರುತ್ತಾರೆ. ಮುಖ ಸಿಂಡರಿಸಿದರೆ ಇಳಿದುಬಿಡಿ.

ಸಲಕರಣೆ ತೊಡಿಸಿದಾಗ ಸುಮ್ಮನೆ ಗೊಂಬೆಯಂತೆ ನಿಲ್ಲಬೇಡಿ. ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಗುಂಡಿ ಎರಡನ್ನೂ ಒತ್ತಿ ನೋಡಿ. ತೂಕದ ಬೆಲ್ಟ್ ಒಂದೇ ಕೈಯಲ್ಲಿ ಎಳೆದರೆ ಬಿಚ್ಚಬೇಕು, ಅದರ ಮೇಲೆ ಬೇರೆ ಪಟ್ಟಿ ಹಾದಿರಬಾರದು. ಸಿಲಿಂಡರ್ ಪಟ್ಟಿ ಅಲುಗಾಡದಿರಲಿ. ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು 200 ಬಾರ್ (ಒತ್ತಡದ ಅಳತೆ) ಆಸುಪಾಸು ಇರಬೇಕು; ರೆಗ್ಯುಲೇಟರಿನಲ್ಲಿ ನಾಲ್ಕು ಉಸಿರು ಎಳೆಯುವಾಗ ಮುಳ್ಳು ಕೆಳಗೆ ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಆಪತ್ತಿಗೆ ಇರುವ ಎರಡನೇ ಬಾಯಿತುಂಡು ಎಲ್ಲಿ ತೂಗುತ್ತಿದೆ ಎಂದು ಮುಟ್ಟಿ ನೋಡಿಕೊಳ್ಳಿ. ಸಾಮಾನ್ಯವಾಗಿ ಅದು ಹಳದಿ ಬಣ್ಣದ್ದು.

ಕೈಸನ್ನೆ ದಡದಲ್ಲೇ ಹೇಳಿಕೊಡುತ್ತಾರೆ, ಆದರೆ ಹೆಬ್ಬೆರಳನ್ನು ಮಾತ್ರ ಎರಡು ಸಲ ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಸೂಪರ್’. ನೀರಿನಡಿ ಅದರ ಅರ್ಥ ‘ಮೇಲೆ ಹೋಗೋಣ’. ನಮ್ಮ ಭಾವನ ಮಗ ಆಮೆ ಕಂಡ ಖುಷಿಗೆ ಹೆಬ್ಬೆರಳೆತ್ತಿದ. ಇನ್‌ಸ್ಟ್ರಕ್ಟರ್ ಕರ್ತವ್ಯನಿಷ್ಠರು, ತಕ್ಷಣ ಮೇಲೆ ಕರೆತಂದರು. ಕೊಟ್ಟ ದುಡ್ಡಿಗೆ ಏಳು ನಿಮಿಷ. ‘ಸರಿಯಾಗಿದ್ದೇನೆ’ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಅಂಗೈ ಬಗ್ಗಿಸಿ ಅತ್ತಿತ್ತ ಆಡಿಸಿದರೆ ‘ಏನೋ ಸರಿಯಿಲ್ಲ’, ಆಮೇಲೆ ಕಿವಿಯನ್ನು ಬೊಟ್ಟು ಮಾಡಿದರೆ ‘ಕಿವಿ’.

ನೀರಿನಡಿ

ಒಂದೇ ನಿಯಮ ಉಳಿದೆಲ್ಲಕ್ಕಿಂತ ದೊಡ್ಡದು: ಸ್ಕೂಬಾ ಮಾಡುವಾಗ ಉಸಿರು ಹಿಡಿಯಬೇಡಿ, ಯಾವತ್ತೂ. ಹತ್ತು ಮೀಟರಿನಲ್ಲಿ ತುಂಬಿಕೊಂಡ ಎದೆಗಾಳಿ ಮೇಲೆ ಬರುವಾಗ ಎರಡರಷ್ಟಾಗುತ್ತದೆ. ಬಾಯಿ ಬಿಗಿಹಿಡಿದಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ, ಶ್ವಾಸಕೋಶವೇ ಹರಿಯುತ್ತದೆ. ಇದಕ್ಕೆ ದೊಡ್ಡ ಆಳವೂ ಬೇಡ, ಈಜುಕೊಳದ ಆಳ ಸಾಕು. ಗಾಬರಿಯಾದವರು ಮಾಡುವುದು ಸರಿಯಾಗಿ ಇದನ್ನೇ: ಉಸಿರು ಕಟ್ಟಿ ಮೇಲಕ್ಕೆ ನೆಗೆಯುವುದು. ಅದಕ್ಕೇ ಮಾಸ್ಕಿಗೆ ನೀರು ನುಗ್ಗಿದರೂ, ಮೀನು ಎದುರಿಗೆ ಬಂದರೂ ಗುಳ್ಳೆಗಳ ಸದ್ದು ನಿಲ್ಲದೆ ಕೇಳುತ್ತಿರಲಿ. ಏರುವುದು ನಿಮಿಷಕ್ಕೆ 9 ಮೀಟರ್ ಮೀರದೆ, ನಿಮ್ಮದೇ ಸಣ್ಣ ಗುಳ್ಳೆಗಳಿಗಿಂತ ನಿಧಾನ. ಕೊನೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸಿದರೆ ಬೇಸರಪಡಬೇಡಿ. ಸಾರಜನಕ ಹೊರಹೋಗಲು ಕೊಟ್ಟ ಸಮಯ ಅದು. ಗಾಳಿ 50 ಬಾರ್‌ಗೆ ಇಳಿಯುವಷ್ಟರಲ್ಲಿ ಮೇಲೆ ಇರಬೇಕು.

ಏನನ್ನೂ ಮುಟ್ಟಬೇಡಿ. ಹವಳ ಕೈ ಕೊಯ್ಯುತ್ತದೆ, ಸಿಂಹಮೀನಿನ ಮುಳ್ಳಿನಲ್ಲಿ ವಿಷ ಇದೆ, ಬಂಡೆ ಅಂದುಕೊಂಡದ್ದು ಬಂಡೆಯಾಗಿರದೇ ಇರಬಹುದು.

ಸ್ನಾರ್ಕೆಲ್‌ನವರು ಲೈಫ್ ಜಾಕೆಟ್ ಬಿಚ್ಚಬೇಡಿ, ಒಂಟಿಯಾಗಿ ತೇಲಿಹೋಗಬೇಡಿ. ಮುಖ ಕೆಳಗಿಟ್ಟು ಮೀನು ನೋಡುತ್ತಿರುವಾಗ ಸೆಳೆತ ಎಷ್ಟು ದೂರ ಒಯ್ದಿತೆಂದು ತಿಳಿಯುವುದೇ ಇಲ್ಲ. ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ಬೋಟ್ ನೋಡಿ. ಬೆನ್ನು, ಕಾಲಿನ ಮೀನಖಂಡ ಸುಡುತ್ತದೆ, ತುಂಬು ತೋಳಿನ ಅಂಗಿ ತೊಡಿ.

ಮೇಲೆ ಬಂದಮೇಲೆ

ನೀರು ಕುಡಿಯಿರಿ, ನೆರಳಿನಲ್ಲಿ ಕೂರಿ, ಅವತ್ತು ಭಾರ ಎತ್ತುವುದು, ಓಡುವುದು ಬೇಡ. ಅವತ್ತು, ಮರುದಿನ ದೇಹವನ್ನು ಗಮನಿಸಿ. ಭುಜ, ಮೊಣಕೈ, ಮಂಡಿಯಲ್ಲಿ ಕಾರಣವಿಲ್ಲದ ನೋವು, ಜೋಮು, ಮೈಮೇಲೆ ಮಚ್ಚೆಮಚ್ಚೆ ಗಂದೆ, ತಲೆಸುತ್ತು, ಮೂತ್ರ ಕಟ್ಟುವುದು, ವಿಪರೀತ ಸುಸ್ತು ಕಂಡರೆ ‘ಬೋಟಿನ ಆಯಾಸ’ ಎಂದು ತಳ್ಳಿಹಾಕಬೇಡಿ. ಮಲಗಿಸಿ, ಡೈವ್ ಕರೆದೊಯ್ದವರಿಗೆ ತಿಳಿಸಿ ಆಮ್ಲಜನಕ ಕೊಡಿಸಿ, 108ಕ್ಕೆ ಕರೆ ಮಾಡಿ. ‘ಸ್ಕೂಬಾ ಮಾಡಿದ್ದರು, ಇಷ್ಟು ಆಳ, ಇಷ್ಟು ಹೊತ್ತು’ ಎಂದು ಮೊದಲ ಮಾತಿನಲ್ಲೇ ಹೇಳಿ. ನೋವು ಹೋಗಲಿ ಎಂದು ಮತ್ತೆ ನೀರಿಗೆ ಇಳಿಸಬೇಡಿ.

ಇಂಥ ಹೊತ್ತಿನಲ್ಲಿ ಮನೆಯವರು ಫೋನಿನಲ್ಲಿ ಹೇಳುವುದು ಒಂದೇ: ‘ಸೀದಾ ಊರಿಗೆ ಕರ್ಕೊಂಡ್ ಬನ್ನಿ, ನಮ್ ಡಾಕ್ಟ್ರಿಗೇ ತೋರ್ಸಣ.’ ಪ್ರೀತಿಯ ಮಾತು, ಆದರೆ ಕೇಳಬೇಡಿ. ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ದಾರಿ ಹಿಡಿದರೂ ಗುಳ್ಳೆ ದೊಡ್ಡದಾಗುತ್ತದೆ. ಮಣಿಪಾಲ, ಮಂಗಳೂರಿನ ಕಡೆ ತಗ್ಗಿನಲ್ಲೇ ಹೋಗಿ, ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಊರಿನ ಡಾಕ್ಟರ ನಂಬರ್ ಜೇಬಿನಲ್ಲಿರಲಿ. ಹಳೆ ಕಾಯಿಲೆ, ಮಾತ್ರೆಗಳ ವಿವರವನ್ನು ಅವರು ಫೋನಿನಲ್ಲೇ ಹೇಳಬಹುದು.

ಏನೂ ಇಲ್ಲದಿದ್ದರೆ ಭಾನುವಾರ ಬೆಳಗ್ಗೆ ಹೊರಡಿ. ಉಜಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನೀರಿನಿಂದ ಎದ್ದ ಹೊತ್ತಿನಿಂದ ಎಷ್ಟು ಗಂಟೆಯಾಯಿತೆಂದು ಬೆರಳು ಮಡಚಿ ಎಣಿಸಿ, ಆಮೇಲೆ ಚಾರ್ಮಾಡಿಯ ಮೊದಲ ತಿರುವಿಗೆ ಗಾಡಿ ತಿರುಗಿಸಿ.